ಹಳೆಯ ಭಾಷೆಗೆ ಯಾರ ಹಣ? ವಿಜಯಪುರದ ಚರಿತ್ರೆ ಮತ್ತು ನಮ್ಮ ಲ್ಯಾಟಿನ್ ತರಗತಿ

ನಮ್ಮ ಸೆಮಿನರಿಯ ಕೆಲವು ಅಭ್ಯರ್ಥಿಗಳೊಡನೆ ನಾವು ಒಮ್ಮೆ ವಿಜಯಪುರಕ್ಕೆ ಅಧ್ಯಯನ ಪ್ರವಾಸ ಹೋಗಿದ್ದೆವು. ಗೋಳಗುಮ್ಮಟದ ದಕ್ಷಿಣ ದ್ವಾರದ ಮೇಲಿರುವ ಪಾರಸಿ ಶಾಸನದ ಕೆಳಗೆ ನಿಂತಿದ್ದಾಗ, ತಿಕೋಟಾದ ಸರಕಾರಿ ಪ್ರೌಢಶಾಲೆಯಿಂದ ಬಂದಿದ್ದ ಹುಡುಗನೊಬ್ಬನು ನಮ್ಮ ನಿಲುವಂಗಿಯನ್ನು ಕಂಡು, ಓದು ಬಲ್ಲವರಿರಬೇಕೆಂದು ಭಾವಿಸಿ, "ಸರ, ಇದರಾಗ ಏನ್ ಬರದಾರ್ರಿ?" ಎಂದು ಕೇಳಿದನು. ಅಲ್ಲಿನ ಮೂರು ವಾಕ್ಯಗಳಲ್ಲಿ ಪ್ರತಿಯೊಂದರ ಅಕ್ಷರಗಳ ಬೆಲೆಯನ್ನು ಕೂಡಿಸಿದರೂ ಹಿಜರಿ 1067, ಅಂದರೆ ಮುಹಮ್ಮದ್ ಆದಿಲಶಹನು ತೀರಿಕೊಂಡ ಕ್ರಿ.ಶ. 1656 ಬರುವುದೆಂದು ಪುಸ್ತಕದಲ್ಲಿ ಓದಿದ್ದೆವು. ಅದನ್ನೇ ಅವನಿಗೆ ಹೇಳಿದೆವು. ಆದರೆ ಶಾಸನದ ಒಂದಕ್ಷರವನ್ನೂ ನಾವು ಓದಲಾರೆವಾಗಿದ್ದೆವು. ಹುಡುಗನು ತೃಪ್ತನಾಗಿ ಹೋದನು. ನಾವು ಆಗಲಿಲ್ಲ.

ಮರಳಿ ಬರುವಾಗ ಅಭ್ಯರ್ಥಿಯೊಬ್ಬರು ಕೇಳಿದ ಪ್ರಶ್ನೆಯೇ ಈ ಲೇಖನಕ್ಕೆ ಕಾರಣ. ಇಪ್ಪತ್ತು ದಾಟಿದ ಮೇಲೆ ಲ್ಯಾಟಿನ್ ವ್ಯಾಕರಣವನ್ನು ಆರಂಭಿಸಿ ನಾವೆಲ್ಲರೂ ಬಳಲುತ್ತೇವೆ; ಸರಕಾರವೇ ತನ್ನ ಶಾಲೆಗಳಲ್ಲಿ ಸಂಸ್ಕೃತ, ಅರೇಬಿಕ್, ಪಾರಸಿಗಳಿಗೆ ಅವಕಾಶ ಕೊಟ್ಟಿರುವಂತೆ ಲ್ಯಾಟಿನ್ನಿಗೂ ಕೊಟ್ಟು ಅಧ್ಯಾಪಕರಿಗೆ ಸಂಬಳ ನೀಡಬಾರದೇಕೆ? ಇದು ಹಗುರವಾದ ಪ್ರಶ್ನೆಯಲ್ಲ. ಇಂಗ್ಲೆಂಡಿನಲ್ಲಿ 2021ರಲ್ಲಿ ಅಲ್ಲಿನ ಸರಕಾರವು ಸುಮಾರು 40 ಸರಕಾರಿ ಶಾಲೆಗಳಲ್ಲಿ ಲ್ಯಾಟಿನ್ ಕಲಿಸಲು 40 ಲಕ್ಷ ಪೌಂಡ್‌ಗಳ ಯೋಜನೆಯನ್ನು ಪ್ರಕಟಿಸಿತು. ಸರಕಾರಿ ಶಾಲೆಗಳ ಕೆಳಗಿನ ತರಗತಿಗಳಲ್ಲಿ ಲ್ಯಾಟಿನ್ ಇದ್ದದ್ದು ನೂರಕ್ಕೆ ಮೂರಕ್ಕಿಂತ ಕಡಿಮೆ ಕಡೆ. ಶುಲ್ಕ ಪಡೆಯುವ ಖಾಸಗಿ ಶಾಲೆಗಳಲ್ಲಿ ನೂರಕ್ಕೆ 49 ಕಡೆ. ಈ ಅಂತರವನ್ನು ತಗ್ಗಿಸುವುದು ಯೋಜನೆಯ ಗುರಿಯಾಗಿತ್ತು. ಮುಂದೆ ಬಂದ ಸರಕಾರವು 2025ರ ಫೆಬ್ರವರಿಯಲ್ಲಿ, ಶಾಲಾವರ್ಷದ ನಡುವೆಯೇ, ಹಣವನ್ನು ನಿಲ್ಲಿಸಿತು. ಒಂದು ಸರಕಾರ ಕೊಟ್ಟದ್ದನ್ನು ಇನ್ನೊಂದು ಕಿತ್ತುಕೊಂಡಿತು. ಅರ್ಧ ಓದಿದ ಮಕ್ಕಳು ಅರ್ಧದಲ್ಲಿಯೇ ಉಳಿದರು.

ನಮ್ಮ ನಾಡಿನಲ್ಲಿ ಈ ಪ್ರಶ್ನೆಗೆ ಸಾವಿರ ವರ್ಷಗಳಿಗೂ ಮಿಕ್ಕಿದ ಚರಿತ್ರೆಯಿದೆ. ಅದರ ಮುಖ್ಯ ಘಟ್ಟಗಳಲ್ಲಿ ಹಲವು ವಿಜಯಪುರ ಜಿಲ್ಲೆಯೊಳಗೇ ದೊರೆಯುತ್ತವೆ. ಹಾಗಾಗಿ ಮೊದಲು ಚರಿತ್ರೆಯನ್ನು ನೋಡಿ, ಬಳಿಕ ನಮ್ಮ ಉತ್ತರಕ್ಕೆ ಬರೋಣ.

ಸಾಲೋಟಗಿಯ ದೀಪದ ಹೊಲ

ಇಂಡಿ ತಾಲ್ಲೂಕಿನ ಸಾಲೋಟಗಿಯಲ್ಲಿ ದೊರೆತ ಕ್ರಿ.ಶ. 945ರ ಸ್ತಂಭಶಾಸನವು ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣನ ಕಾಲದ್ದು. ಅವನ ಮಂತ್ರಿಯಾದ ನಾರಾಯಣನು ಅಲ್ಲಿ ಒಂದು ಶಾಲೆಯನ್ನು ಕಟ್ಟಿಸಿದನು. ನಾನಾ ಜನಪದಗಳಿಂದ ವಿದ್ಯಾರ್ಥಿಗಳು ಬರುತ್ತಿದ್ದರು. ಅವರ ವಾಸಕ್ಕೆ 27 ಮನೆಗಳು, ನಿರ್ವಹಣೆಗೆ 500 ನಿವರ್ತನ ಭೂಮಿ, ಅಧ್ಯಾಪಕನಿಗೆ 50 ನಿವರ್ತನ, ದೀಪದ ಎಣ್ಣೆಗೆಂದೇ 12 ನಿವರ್ತನ. ಇಷ್ಟೇ ಅಲ್ಲದೆ, ಊರಿನ ಬ್ರಾಹ್ಮಣರು ಮದುವೆಯಾದಾಗ ಐದು ನಾಣ್ಯ, ಉಪನಯನವಾದಾಗ ಅದರ ಅರ್ಧ ಕೊಡಬೇಕೆಂಬ ಕಟ್ಟಳೆಯೂ ಇತ್ತು.

ಶಾಸನವನ್ನು ಓದಿದವರಿಗೆ ಸಂತೋಷವಾಗುವುದು ಸಹಜ. ಹತ್ತನೆಯ ಶತಮಾನದ ಒಂದು ಹಳ್ಳಿಯು ದೂರದೇಶದ ಹುಡುಗನ ರಾತ್ರಿಯ ಓದಿಗೆ ದೀಪದ ವ್ಯವಸ್ಥೆಯನ್ನು ಮಾಡಿತ್ತು. ಆದರೆ ಇನ್ನೊಂದು ಮಾತನ್ನೂ ಸೇರಿಸದಿದ್ದರೆ ಚರಿತ್ರೆ ಅರ್ಧವಾಗುತ್ತದೆ. ಆ ಹೊಲಗಳನ್ನು ಉತ್ತವರ ಮಕ್ಕಳಿಗೆ ಆ ವಿದ್ಯೆಯಲ್ಲಿ ಪಾಲಿರಲಿಲ್ಲ. ದೇಶದ ದೃಷ್ಟಿಯಿಂದ ವಿಶಾಲವಾಗಿದ್ದ ಬಾಗಿಲು ಜಾತಿಯ ದೃಷ್ಟಿಯಿಂದ ಬಹಳ ಕಿರಿದಾಗಿತ್ತು. ಹಳೆಯ ಭಾಷೆಗೆ ಸಾರ್ವಜನಿಕ ಸಂಪತ್ತು ಹರಿದಾಗಲೆಲ್ಲ ನಾವು ಕೇಳಬೇಕಾದ ಎರಡು ಪ್ರಶ್ನೆಗಳು ಇಲ್ಲಿಯೇ ಹುಟ್ಟುತ್ತವೆ: ಕೊಟ್ಟವರು ಯಾರು? ಒಳಗೆ ಹೋದವರು ಯಾರು?

ಸುಲ್ತಾನರ ಮದ್ರಸಾ, ಕಾಖಂಡಕಿಯ ದಾಸರು

ಏಳು ಶತಮಾನಗಳ ಬಳಿಕ ಅದೇ ನಾಡಿನಲ್ಲಿ ರಾಜ್ಯದ ಹಣವು ಅರೇಬಿಕ್ ಮತ್ತು ಪಾರಸಿಗಳಿಗೆ ಹರಿಯಿತು. ನ್ಯಾಯಸಭೆಗೆಂದು ಕಟ್ಟಿಸಿ, ಮುಂದೆ ಪ್ರವಾದಿಯವರ ಪವಿತ್ರಾವಶೇಷವನ್ನಿರಿಸಿದ ಅಸರ್ ಮಹಲಿನಲ್ಲಿ ಮದ್ರಸಾ ನಡೆಯುತ್ತಿತ್ತು; ವಿದ್ಯಾರ್ಥಿಗಳಿಗೆ ಊಟ, ಪುಸ್ತಕ ಮತ್ತು ಭತ್ಯೆ ದೊರೆಯುತ್ತಿದ್ದವೆಂದು ಹತ್ತೊಂಬತ್ತನೆಯ ಶತಮಾನದಲ್ಲಿ ರಚಿತವಾದ 'ಬಸಾತೀನುಸ್ಸಲಾತೀನ್' ಎಂಬ ಪಾರಸಿ ಇತಿಹಾಸ ಹೇಳುತ್ತದೆ. 2002ರಲ್ಲಿ ಉತ್ತರ ಕರ್ನಾಟಕದ ಶಾಲೆಗಳಲ್ಲಿ ಬಿಸಿಯೂಟದ 'ಅಕ್ಷರ ದಾಸೋಹ' ಆರಂಭವಾದಾಗ, ಅನ್ನವನ್ನೂ ಅಕ್ಷರವನ್ನೂ ಒಂದೇ ಸೂರಿನಡಿ ಕೊಡುವುದು ಈ ಮಣ್ಣಿಗೆ ಹೊಸತಾಗಿರಲಿಲ್ಲ.

ಆದರೆ ಆದಿಲಶಾಹಿಯ ಅರಸರು ಒಂದೇ ಭಾಷೆಗೆ ಅಂಟಿಕೊಂಡವರಲ್ಲ. ಮೊದಲನೆಯ ಇಬ್ರಾಹಿಮನು (1534-1558) ರಾಜ್ಯದ ಲೆಕ್ಕಪತ್ರಗಳನ್ನು ಪಾರಸಿಯಿಂದ ಹಿಂದವಿಗೆ ಬದಲಿಸಿದನೆಂದು, ವಿಜಯಪುರದಲ್ಲಿದ್ದುಕೊಂಡೇ ಇತಿಹಾಸ ಬರೆದ ಫರಿಶ್ತಾ ದಾಖಲಿಸಿದ್ದಾನೆ. ಎರಡನೆಯ ಇಬ್ರಾಹಿಮನು (1580-1627) ತನ್ನ 'ಕಿತಾಬ್-ಎ-ನೌರಸ್' ಎಂಬ ಗೀತಸಂಗ್ರಹವನ್ನು ದಖನಿಯಲ್ಲಿ ರಚಿಸಿ, ಅದರಲ್ಲಿ ಸರಸ್ವತಿಯನ್ನು ಸ್ತುತಿಸಿದನು. ಈಗ ಬಬಲೇಶ್ವರ ತಾಲ್ಲೂಕಿಗೆ ಸೇರಿರುವ ಕಾಖಂಡಕಿಯ ಮಹೀಪತಿದಾಸರು ಆದಿಲಶಾಹಿಯ ಆಡಳಿತದಲ್ಲಿ ಅಧಿಕಾರಿಗಳಾಗಿದ್ದು ಆಮೇಲೆ ವಿರಕ್ತರಾದರೆಂಬುದು ಪರಂಪರೆ. ಅವರು ಕನ್ನಡದಲ್ಲಿಯೂ ಮರಾಠಿ ಮತ್ತು ಹಿಂದುಸ್ತಾನಿಯಲ್ಲಿಯೂ ಪದಗಳನ್ನು ರಚಿಸಿದರು. ಅರಮನೆಯ ಭಾಷೆಯನ್ನು ಬಲ್ಲವರು ದೇವರನ್ನು ಕರೆಯಲು ಮನೆಯ ಭಾಷೆಗೆ ಮರಳಿದರು.

ಇದೇ ಕಾಲದಲ್ಲಿ, ವಿಜಯಪುರದ ಸುಲ್ತಾನರ ಕೈಯಿಂದ ಪೋರ್ಚುಗೀಸರಿಗೆ ಹೋಗಿದ್ದ ಸಾಷ್ಟಿ ಪ್ರಾಂತದಲ್ಲಿ, ಇಂಗ್ಲೆಂಡಿನಿಂದ ಬಂದ ಯೇಸುಸಭೆಯ ಗುರು ಥಾಮಸ್ ಸ್ಟೀಫನ್ಸರು ಸೇವೆ ಸಲ್ಲಿಸುತ್ತಿದ್ದರು. ಲ್ಯಾಟಿನ್ ವಿದ್ಯೆಯಲ್ಲಿ ಬೆಳೆದ ಅವರು ಕ್ರಿಸ್ತಚರಿತ್ರೆಯನ್ನು ಲ್ಯಾಟಿನ್ನಿನಲ್ಲಿ ಬರೆಯಲಿಲ್ಲ. ಮರಾಠಿಯ ಓವಿ ಛಂದಸ್ಸಿನಲ್ಲಿ ಬರೆದರು. ಅವರ 'ಕ್ರಿಸ್ತಪುರಾಣ' 1616ರಲ್ಲಿ ರಾಚೋಲಿನಲ್ಲಿ ಅಚ್ಚಾಯಿತು. ಅವರ ಕೊಂಕಣಿ ವ್ಯಾಕರಣವು ಅವರ ಮರಣಾನಂತರ 1640ರಲ್ಲಿ ಪ್ರಕಟವಾಯಿತು. ಲ್ಯಾಟಿನ್ನಿನ ವ್ಯಾಕರಣಬುದ್ಧಿ ಅವರಲ್ಲಿ ಇನ್ನೊಬ್ಬರ ನುಡಿಗೆ ದಾಸಿಯಾಗಿ ದುಡಿಯಿತು. ನಮ್ಮ ವೃತ್ತಿಯಲ್ಲಿರುವವರು ಈ ಮಾದರಿಯನ್ನು ಮರೆಯಬಾರದು.

ಪುಸ್ತಕಗಳು ಊರು ಬಿಟ್ಟ ವರ್ಷ

ಹದಿನೆಂಟನೆಯ ಶತಮಾನದಲ್ಲಿ ವಿಜಯಪುರ ಪೇಶ್ವೆಗಳ ಕೈ ಸೇರಿತು. 1818ರ ನಂತರ ಸಾತಾರಾ ಸಂಸ್ಥಾನಕ್ಕೆ, 1848ರಲ್ಲಿ ಆ ಸಂಸ್ಥಾನದೊಡನೆ ಕಂಪನಿ ಸರಕಾರಕ್ಕೆ ಸೇರಿತು. 1853ರಲ್ಲಿ ಅಸರ್ ಮಹಲಿನಲ್ಲಿ ಉಳಿದಿದ್ದ ಅರೇಬಿಕ್ ಮತ್ತು ಪಾರಸಿ ಹಸ್ತಪ್ರತಿಗಳನ್ನು ಲಂಡನ್ನಿಗೆ ಸಾಗಿಸಲಾಯಿತು. ಅವು ಇಂದಿಗೂ ಅಲ್ಲಿಯೇ ಇವೆ. ಸಾಗಿಸಿದವರು ಅವನ್ನು ಹಾಳಾಗದಂತೆ ಕಾಪಾಡಿದರೆಂಬುದು ನಿಜ. ತನ್ನ ಊರಿನ ಪುಸ್ತಕವನ್ನು ತನ್ನ ಊರಿನಲ್ಲಿ ಓದುವ ಅವಕಾಶ ವಿಜಯಪುರದವನಿಗೆ ತಪ್ಪಿತೆಂಬುದೂ ಅಷ್ಟೇ ನಿಜ. ಓದುವವರಿಲ್ಲದ ಕಡೆ ಪುಸ್ತಕ ನಿಲ್ಲುವುದಿಲ್ಲ.

ಬೊಂಬಾಯಿ ಇಲಾಖೆಯಲ್ಲಿ ಹಳೆಯ ಭಾಷೆಯ ಹಣದ ಕುರಿತು ದೊಡ್ಡ ಜಗಳವೇ ನಡೆಯಿತು. ಪೇಶ್ವೆಗಳು ವಿದ್ವಾಂಸ ಬ್ರಾಹ್ಮಣರಿಗೆ ಹಂಚುತ್ತಿದ್ದ 'ದಕ್ಷಿಣಾ' ನಿಧಿಯ ಒಂದು ಭಾಗದಿಂದ ಇಂಗ್ಲಿಷರು 1821ರಲ್ಲಿ ಪುಣೆಯಲ್ಲಿ ಸಂಸ್ಕೃತ ಪಾಠಶಾಲೆಯನ್ನು ತೆರೆದರು. 1849ರ ಸುಮಾರಿಗೆ ಅಲ್ಲಿನ ಸುಧಾರಕರು, ಈ ಹಣದಲ್ಲೊಂದು ಪಾಲು ಮರಾಠಿ ಪುಸ್ತಕಗಳ ರಚನೆಗೆ ಸಲ್ಲಬೇಕೆಂದು ಅರ್ಜಿ ಸಲ್ಲಿಸಿ ಸಂಪ್ರದಾಯಸ್ಥರ ಕೋಪಕ್ಕೆ ಗುರಿಯಾದರು. ಜೋತಿಬಾ ಫುಲೆಯವರು 1882ರಲ್ಲಿ ಹಂಟರ್ ಆಯೋಗದ ಮುಂದಿಟ್ಟ ಮನವಿಯ ತಿರುಳೂ ಇದೇ: ಬೊಕ್ಕಸ ತುಂಬುವುದು ರೈತನ ಬೆವರಿನಿಂದ, ಅದು ಖರ್ಚಾಗುವುದು ಮೇಲ್ವರ್ಗದವರ ವಿದ್ಯೆಗೆ. ತಿಕೋಟಾದ ದ್ರಾಕ್ಷಿ ತೋಟಗಳಲ್ಲಿ ಕೂಲಿ ಮಾಡುವ ತಾಯಿಯು ಉಪ್ಪಿನಿಂದ ಸೋಪಿನವರೆಗೆ ಒಂದಿಲ್ಲೊಂದು ಬಗೆಯಲ್ಲಿ ಬೊಕ್ಕಸಕ್ಕೆ ಸಲ್ಲಿಸುತ್ತಲೇ ಇದ್ದಾಳೆ. ಫುಲೆಯವರ ಪ್ರಶ್ನೆ ಅವಳ ಪರವಾಗಿ ಇಂದೂ ನಿಂತಿದೆ.

1857ರಲ್ಲಿ ಸ್ಥಾಪನೆಯಾದ ಬೊಂಬಾಯಿ ವಿಶ್ವವಿದ್ಯಾನಿಲಯವು ಲ್ಯಾಟಿನ್, ಗ್ರೀಕ್, ಸಂಸ್ಕೃತ, ಅರೇಬಿಕ್, ಪಾರಸಿಗಳನ್ನು ಶಾಸ್ತ್ರೀಯ ಭಾಷೆಗಳೆಂದು ಗೌರವಿಸಿತು. ಕನ್ನಡ ಮರಾಠಿಗಳನ್ನು ಮಾತ್ರ ಕಾಲೇಜಿನ ತರಗತಿಗಳಿಂದ ಹೊರಗಿಟ್ಟಿತು. ಅವನ್ನು ಒಳಗೆ ತರಲು ನ್ಯಾಯಮೂರ್ತಿ ರಾನಡೆಯವರು ಹಲವು ವರ್ಷ ಹೋರಾಡಬೇಕಾಯಿತು. ಅಂದರೆ, ಇಂದು ನಾವು ಕೇಳುತ್ತಿರುವ 'ಲ್ಯಾಟಿನ್ನಿಗೆ ಮಾನ್ಯತೆ' ನಮ್ಮ ನಾಡಿನಲ್ಲಿ ಒಮ್ಮೆ ಇದ್ದೇ ಇತ್ತು. ಅದು ಇದ್ದಾಗ ಮನೆಯ ಭಾಷೆ ಬಾಗಿಲ ಹೊರಗಿತ್ತು.

ಮನೆ ಮಾರಿ ಮುದ್ರಣಾಲಯ

ಈ ವಿಶ್ವವಿದ್ಯಾನಿಲಯಕ್ಕೆ ಸೇರಿದ, ಯೇಸುಸಭೆಯವರು ನಡೆಸುತ್ತಿದ್ದ ಮುಂಬಯಿಯ ಸಂತ ಕ್ಸೇವಿಯರ್ ಕಾಲೇಜಿನಲ್ಲಿ ಓದಿದ ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರು (1880-1964) 1904ರಲ್ಲಿ ವಿಜಯಪುರಕ್ಕೆ ಬಂದು ವಕೀಲಿ ವೃತ್ತಿಯನ್ನು ನಡೆಸಿದರು. 1910ರಲ್ಲಿ ಬಿ.ಎಲ್.ಡಿ.ಇ. ಸಂಸ್ಥೆಯ ಸ್ಥಾಪನೆಗೆ ಕಾರಣರಾದರು. ಮಠಮನೆಗಳಲ್ಲಿ, ಗೃಹಸ್ಥರ ಅಟ್ಟಗಳಲ್ಲಿ ಧೂಳು ತಿನ್ನುತ್ತಿದ್ದ ತಾಳೆಗರಿಗಳನ್ನು ಹುಡುಕಿ, ನಕಲು ಮಾಡಿ, 1923ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗವನ್ನು ಹೊರತಂದರು. 1925ರಲ್ಲಿ ಹಿತಚಿಂತಕ ಮುದ್ರಣಾಲಯ, 1926ರಲ್ಲಿ 'ಶಿವಾನುಭವ' ಪತ್ರಿಕೆ. ಮುದ್ರಣಾಲಯಕ್ಕಾಗಿ ಅವರು ಮನೆಯನ್ನೇ ಮಾರಿದರೆಂದು ವಿಜಯಪುರದ ಜನ ಇಂದಿಗೂ ನೆನೆಯುತ್ತಾರೆ.

ನಮ್ಮ ವಿಷಯಕ್ಕೆ ಇದರಿಂದ ಎರಡು ಪಾಠಗಳಿವೆ. ಒಂದು, ಹಳೆಯ ಭಾಷೆಯನ್ನು ಉಳಿಸುವುದು ಮೊದಲು ಅದರ ಅಗತ್ಯವಿರುವವರ ಹೊಣೆ. ಸರಕಾರದ ಆದೇಶಕ್ಕೆ ಕಾಯ್ದಿದ್ದರೆ ಎಷ್ಟೋ ವಚನಗಳು ಗೆದ್ದಲಿನ ಪಾಲಾಗುತ್ತಿದ್ದವು. ಎರಡು, ಒಬ್ಬ ಮನುಷ್ಯನು ಮನೆ ಮಾರಬೇಕಾಗಿ ಬರುವುದು ಯಾವ ಸಮಾಜಕ್ಕೂ ಭೂಷಣವಲ್ಲ. ಹಳಕಟ್ಟಿಯವರ ತ್ಯಾಗವನ್ನು ಹೊಗಳುತ್ತಲೇ, ಅಂಥ ತ್ಯಾಗ ಅನಿವಾರ್ಯವಾಗದಂತಹ ವ್ಯವಸ್ಥೆಯನ್ನು ಕಟ್ಟುವುದು ಮುಂದಿನವರ ಕರ್ತವ್ಯ. ಅವರು ಬೆಳೆಸಿದ ಸಂಸ್ಥೆಯೇ ಈಚೆಗೆ ಆದಿಲಶಾಹಿ ಕಾಲದ ಪಾರಸಿ ಮತ್ತು ದಖನಿ ಕೃತಿಗಳನ್ನು ಕನ್ನಡಕ್ಕೆ ತರಿಸಿದೆ. ಊರು ಬಿಟ್ಟ ಪುಸ್ತಕಗಳು ಕನ್ನಡದ ಉಡುಪಿನಲ್ಲಿ ಊರಿಗೆ ಮರಳುತ್ತಿವೆ.

ಅಂಕಗಳ ಏಣಿ

ಸ್ವತಂತ್ರ ಭಾರತದಲ್ಲಿ ಪ್ರಶ್ನೆ ಹೊಸ ರೂಪ ತಳೆಯಿತು. ಕರ್ನಾಟಕದ ಪ್ರೌಢಶಾಲೆಗಳಲ್ಲಿ ಸಂಸ್ಕೃತವನ್ನು ಪ್ರಥಮ ಭಾಷೆಯಾಗಿ ಆಯ್ದುಕೊಂಡು ಕನ್ನಡವನ್ನು ಓದದೆಯೇ ಮುಂದುವರಿಯುವ ದಾರಿಯಿತ್ತು. ಸಂಸ್ಕೃತದಲ್ಲಿ ಅಂಕಗಳು ಸುಲಭವಾಗಿ ಬರುತ್ತಿದ್ದುದರಿಂದ ಅದನ್ನು ಆಯ್ದವರೇ ಹಲವರು. ಕಾಳಿದಾಸನನ್ನು ಓದುವ ಆಸೆಯಿಂದ ಆಯ್ದವರು ಕೆಲವರು. ಈ ವಿವಾದಕ್ಕಾಗಿ ಸರಕಾರವು 1980ರಲ್ಲಿ ವಿ.ಕೃ. ಗೋಕಾಕರ ಅಧ್ಯಕ್ಷತೆಯಲ್ಲಿ ಸಮಿತಿಯನ್ನು ನೇಮಿಸಿತು. 1981ರಲ್ಲಿ ಬಂದ ವರದಿಯು ಕನ್ನಡವೇ 150 ಅಂಕಗಳ ಏಕೈಕ ಪ್ರಥಮ ಭಾಷೆಯಾಗಬೇಕೆಂದಿತು. 1982ರ ಚಳವಳಿಯಲ್ಲಿ ನಟ ರಾಜಕುಮಾರರೊಡನೆ ನಾಡೇ ಬೀದಿಗಿಳಿಯಿತು. ಮುಂದೆ ಮೊಕದ್ದಮೆಗಳು ನಡೆದು, ಭಾಷಾ ಅಲ್ಪಸಂಖ್ಯಾತರ ಹಕ್ಕುಗಳ ಪ್ರಶ್ನೆಯೂ ಎದ್ದಿತು. ಈಚಿನ ವರ್ಷಗಳ ಎಸ್‌ಎಸ್‌ಎಲ್‌ಸಿ ಯೋಜನೆಯಲ್ಲಿಯೂ ಪ್ರಥಮ ಭಾಷೆಗಳ ಪಟ್ಟಿಯಲ್ಲಿ ಸಂಸ್ಕೃತವಿದೆ. ತೃತೀಯ ಭಾಷೆಗಳ ಪಟ್ಟಿಯಲ್ಲಿ ಸಂಸ್ಕೃತದೊಡನೆ ಅರೇಬಿಕ್, ಪಾರಸಿ, ತುಳು, ಕೊಂಕಣಿಗಳೂ ಇವೆ. ಲ್ಯಾಟಿನ್ ಇಲ್ಲ.

1994ರಲ್ಲಿ ಸರ್ವೋಚ್ಚ ನ್ಯಾಯಾಲಯವು ಸಂತೋಷಕುಮಾರ್ ಪ್ರಕರಣದಲ್ಲಿ, ಕೇಂದ್ರೀಯ ಮಂಡಳಿಯ ಶಾಲೆಗಳಲ್ಲಿ ಸಂಸ್ಕೃತವನ್ನು ಐಚ್ಛಿಕವಾಗಿ ಕಲಿಸುವುದು ಜಾತ್ಯತೀತತೆಗೆ ವಿರುದ್ಧವಲ್ಲವೆಂದು ತೀರ್ಮಾನಿಸಿತು. ಹಾಗೆಯೇ ಅರೇಬಿಕ್ ಪಾರಸಿಗಳು ಅದಕ್ಕೆ ಸಮಾನವಾಗಿ ನಿಲ್ಲಲಾರವೆಂದೂ ಹೇಳಿತು. ತೀರ್ಪಿನ ಮೊದಲ ಭಾಗವನ್ನು ನಾವು ಒಪ್ಪುತ್ತೇವೆ: ಭಾಷೆಯನ್ನು ಕಲಿಸುವುದು ಬೇರೆ, ಧರ್ಮಬೋಧೆ ಬೇರೆ. ಸಂವಿಧಾನದ 28ನೆಯ ವಿಧಿಯು ಪೂರ್ತಿ ಸರಕಾರದ ಹಣದಿಂದ ನಡೆಯುವ ಸಂಸ್ಥೆಗಳಲ್ಲಿ ನಿಷೇಧಿಸಿರುವುದು ಎರಡನೆಯದನ್ನು ಮಾತ್ರ. ಆದರೆ ಎರಡನೆಯ ಭಾಗವನ್ನು ವಿಜಯಪುರದಲ್ಲಿ ನಿಂತು ಓದಿದಾಗ ಮನಸ್ಸು ತಡೆಯುತ್ತದೆ. ದೇಶಕ್ಕೆಲ್ಲ ಒಂದೇ ಅಳತೆಗೋಲು ಸಲ್ಲದು. ಗೋಳಗುಮ್ಮಟದ ನಗಾರಖಾನೆಯ ವಸ್ತುಸಂಗ್ರಹಾಲಯದಲ್ಲಿ ಕನ್ನಡ, ಸಂಸ್ಕೃತ, ಅರೇಬಿಕ್, ಪಾರಸಿ ಶಾಸನಗಳು ಒಂದೇ ಸೂರಿನಡಿ ಇವೆ. ಆ ಕಲ್ಲುಗಳ ನಡುವೆ ಬೆಳೆಯುವ ಮಗುವಿಗೆ ಪಾರಸಿಯು ಪರದೇಶದ ಭಾಷೆಯಲ್ಲ.

ನಮ್ಮ ಮನೆಯ ಲೆಕ್ಕ

ಈಗ ಲ್ಯಾಟಿನ್ನಿಗೆ ಬರೋಣ. ಜಗದ್ಗುರು ಇಪ್ಪತ್ತಮೂರನೆಯ ಜಾನ್‌ರವರು 1962ರ ಫೆಬ್ರವರಿಯಲ್ಲಿ 'ವೆತೆರುಮ್ ಸಾಪಿಯೆಂತ್ಸಿಯಾ' ಎಂಬ ಪತ್ರದಿಂದ ಸೆಮಿನರಿಗಳಲ್ಲಿ ಲ್ಯಾಟಿನ್ನನ್ನು ಬಲಪಡಿಸಲು ಆಜ್ಞಾಪಿಸಿದರು. ಮರುವರ್ಷ ಡಿಸೆಂಬರಿನಲ್ಲಿ ದ್ವಿತೀಯ ವ್ಯಾಟಿಕನ್ ಮಹಾಸಭೆಯು ದೈವಾರಾಧನಾ ಸಂವಿಧಾನದಲ್ಲಿ ಲ್ಯಾಟಿನ್ನನ್ನು ಉಳಿಸಿಕೊಂಡೇ ದೇಶಭಾಷೆಗಳಿಗೆ ಬಾಗಿಲು ತೆರೆಯಿತು. ಕೆಲವೇ ವರ್ಷಗಳಲ್ಲಿ ನಮ್ಮ ಬಲಿಪೂಜೆ ಕನ್ನಡವಾಯಿತು. ಗುರುಗಳ ತರಬೇತಿಯನ್ನು ಕುರಿತ 1965ರ ಆದೇಶಪತ್ರವೂ 1983ರ ಕಾನೂನು ಸಂಹಿತೆಯ 249ನೆಯ ನಿಯಮವೂ ಅಭ್ಯರ್ಥಿಗಳಿಗೆ ಲ್ಯಾಟಿನ್ ಬೇಕೆನ್ನುತ್ತವೆ. ಆ ನಿಯಮವು ಮೊದಲು ಹೇಳುವುದು ತಾಯ್ನುಡಿಯನ್ನು ಶುದ್ಧವಾಗಿ ಕಲಿಯಬೇಕೆಂಬುದನ್ನು. ಲ್ಯಾಟಿನ್ ಅದರ ಬಳಿಕ ಬರುತ್ತದೆ. ಈ ಕ್ರಮವನ್ನು ನಾವು ಗಮನಿಸುವುದೇ ಇಲ್ಲ.

ಹಾಗಾದರೆ ಈ ಲ್ಯಾಟಿನ್ ಯಾರ ಅಗತ್ಯ? ಮುಖ್ಯವಾಗಿ ನಮ್ಮದು. ಪಿತೃಗಳನ್ನು, ಮಹಾಸಭೆಗಳ ಮೂಲಪಾಠಗಳನ್ನು ಓದಬೇಕಾದವರು ನಾವು. ನಮ್ಮ ವೃತ್ತಿಯ ಉಪಕರಣಕ್ಕೆ ಬಬಲೇಶ್ವರದ ಸರಕಾರಿ ಶಾಲೆಯ ಅನುದಾನವನ್ನು ಕೇಳಿದರೆ, ಕನ್ನಡ ವ್ಯಾಕರಣಕ್ಕೂ ಗಣಿತಕ್ಕೂ ಶಿಕ್ಷಕರು ಸಾಲದ ಕಡೆ ನಮ್ಮ ಗಂಟೆಗಾಗಿ ಒಬ್ಬರನ್ನು ಕೇಳಿದಂತಾಗುತ್ತದೆ. ಸಾಲೋಟಗಿಯ ಹೊಲ ಉತ್ತವನಿಗೆ ಆದದ್ದೇ ಅಲ್ಲಿಯೂ ಆಗುತ್ತದೆ. ಅಲ್ಪಸಂಖ್ಯಾತರ ಸಂಸ್ಥೆಗಳಿಗೆ 30ನೆಯ ವಿಧಿ ಕೊಟ್ಟಿರುವ ಹಕ್ಕನ್ನು ಬಳಸಿ ನಮ್ಮ ಶಾಲೆಗಳಲ್ಲಿ ನಾವು ಲ್ಯಾಟಿನ್ ಕಲಿಸಬಹುದು. ಆ ಹಕ್ಕು ನಮಗಿದ್ದೂ ನಾವು ಕಲಿಸುತ್ತಿಲ್ಲ. ಇಂಥವರಿಗೆ ಸರಕಾರವನ್ನು ಕೇಳುವ ನೈತಿಕ ಬಲ ಎಲ್ಲಿಂದ ಬರಬೇಕು?

ಇದಕ್ಕೆ ಎದುರಾಗಿ ಬಲವಾದ ಒಂದು ವಾದವಿದೆ. ಅದನ್ನು ಮರೆಮಾಚುವುದು ಸರಿಯಲ್ಲ. ಸರಕಾರ ಹಣ ಕೊಡದಿದ್ದರೆ ಹಳೆಯ ಭಾಷೆಗಳು ಉಳ್ಳವರ ಸೊತ್ತಾಗಿ ಉಳಿಯುತ್ತವೆ. ಇಂಗ್ಲೆಂಡಿನ ಅಂಕಿಅಂಶವೇ ಇದಕ್ಕೆ ಸಾಕ್ಷಿ. ಬಡವರ ಮಕ್ಕಳಿಗೆ ಕೈಕೆಲಸ ಸಾಕು, ಹಳೆಯ ಗ್ರಂಥಗಳು ಬೇಡ ಎನ್ನುವ ಮಾತಿನಲ್ಲಿ ಅಪಮಾನವೂ ಇದೆ. ನಮ್ಮ ಅಭ್ಯರ್ಥಿಗಳಲ್ಲಿ ಅನೇಕರು ತಮ್ಮ ಮನೆತನದಲ್ಲಿ ಮೊದಲು ಶಾಲೆ ಕಂಡವರು. ಅವರು ಸಂತ ಅಗುಸ್ತೀನರ ಒಂದು ವಾಕ್ಯವನ್ನು ಮೂಲದಲ್ಲಿ ಬಿಡಿಸಿ ಓದಿದ ದಿನ ಅವರ ಮುಖದಲ್ಲಿ ಮೂಡುವ ಬೆಳಕನ್ನು ನಾವು ಕಂಡಿದ್ದೇವೆ. ಆ ಬೆಳಕು ತಿಕೋಟಾದ ಹುಡುಗನಿಗೂ ಸಲ್ಲಬೇಕು.

ಸಲ್ಲಬೇಕು, ಆದರೆ ಅವನ ಪ್ರಶ್ನೆಯಿಂದಲೇ ಅದು ಆರಂಭವಾಗಬೇಕು. ಅವನು ಕೇಳಿದ್ದು ತನ್ನ ಊರಿನ ಕಲ್ಲಿನ ಮೇಲೆ ಏನು ಬರೆದಿದೆ ಎಂದು. ಆದ್ದರಿಂದ ನಮ್ಮ ನಿಲುವು ಇಷ್ಟು: ಸರಕಾರಿ ಶಾಲೆಯು ಹಳೆಯ ಭಾಷೆಗೆ ಹಣ ಕೊಡುವುದು ನ್ಯಾಯವೇ ಆಗಿದೆ, ಮೂರು ಕಟ್ಟಳೆಗಳೊಡನೆ. ಆ ಭಾಷೆಯ ದಾಖಲೆಗಳು ಆ ನೆಲದಲ್ಲಿ ಇರಬೇಕು. ಅದು ತಾಯ್ನುಡಿಯ ಗಂಟೆಯನ್ನಾಗಲಿ ಅಂಕವನ್ನಾಗಲಿ ಕಸಿಯದೆ ಅದರ ಬಳಿಕ ಬರಬೇಕು. ಯಾವ ಜಾತಿಮತದ ಮಗುವಿಗೂ, ಹುಡುಗನಿಗೂ ಹುಡುಗಿಗೂ, ಅದರ ಬಾಗಿಲು ಒಂದೇ ತೆರನಾಗಿ ತೆರೆದಿರಬೇಕು. ಈ ಅಳತೆಯಲ್ಲಿ ವಿಜಯಪುರದ ಶಾಲೆಗಳಲ್ಲಿ ಹಳಗನ್ನಡ ಲಿಪಿ, ಸಂಸ್ಕೃತ, ಪಾರಸಿಗಳ ಪರಿಚಯಕ್ಕೆ ಹಕ್ಕುಂಟು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಶಾಲೆಗಳಲ್ಲಿ ದೊರೆಯಬೇಕಾದ ಶಾಸ್ತ್ರೀಯ ಭಾಷೆಗಳಲ್ಲಿ ಕನ್ನಡದೊಡನೆ ಪಾರಸಿಯನ್ನು ಹೆಸರಿಸಿದೆ. ಲ್ಯಾಟಿನ್ನಿಗೆ ಅಲ್ಲಿ ಆ ಹಕ್ಕಿಲ್ಲ. ಅದರ ಸ್ಥಾನ ವಿಶ್ವವಿದ್ಯಾನಿಲಯದ ಚರಿತ್ರೆಯ ವಿಭಾಗದಲ್ಲಿ ಮತ್ತು ನಮ್ಮ ಮನೆಯಲ್ಲಿ.

ನಮ್ಮ ಮನೆಯಲ್ಲಿ ಅದಕ್ಕೆ ನಾವೇ ಹಣ ಕೊಡಬೇಕು, ಕೊಟ್ಟದ್ದನ್ನು ಹಂಚಲೂಬೇಕು. ಹದಿನೇಳನೆಯ ಶತಮಾನದಲ್ಲಿ ಮೈಸೂರು ಸೀಮೆಯಲ್ಲಿ ದುಡಿದ ಯೇಸುಸಭೆಯವರ ವಾರ್ಷಿಕ ಪತ್ರಗಳಲ್ಲಿ ಲ್ಯಾಟಿನ್ನಿನವೂ ಇವೆ. ಅಂದಿನ ಹಳ್ಳಿಗಳು, ಬರಗಾಲಗಳು, ಪಾಳೆಯಗಾರರು, ನಮ್ಮ ಮೊದಲ ಕ್ರೈಸ್ತ ಕುಟುಂಬಗಳು ಇಂಥ ಕಾಗದಗಳಲ್ಲಿವೆ. ಇವು ಕರ್ನಾಟಕದ ಚರಿತ್ರೆಯ ಆಕರಗಳು, ನಮ್ಮೊಬ್ಬರ ಸೊತ್ತಲ್ಲ. ಪಾರಸಿ ಕೃತಿಗಳು ಕನ್ನಡಕ್ಕೆ ಬಂದಂತೆ ಇವೂ ಬರಬೇಕು, ಮತ್ತು ಅದನ್ನು ಮಾಡಬೇಕಾದವರು ನಾವು. ಪ್ರತಿ ಸೆಮಿನರಿಯಲ್ಲಿ ವರ್ಷಕ್ಕೆ ಇಬ್ಬರಾದರೂ ಲ್ಯಾಟಿನ್ನನ್ನು ಪರೀಕ್ಷೆಯಾಚೆಗೆ ಮುಂದುವರಿಸಿ, ಒಂದೊಂದು ಪತ್ರವನ್ನು ಕನ್ನಡಿಸಿದರೆ ಹತ್ತು ವರ್ಷಗಳಲ್ಲಿ ಒಂದು ಸಂಪುಟವಾದೀತು. ಬೇಕೆಂದು ಬರುವ ಗೃಹಸ್ಥರಿಗೂ, ಅನ್ಯಧರ್ಮದ ಸಂಶೋಧಕರಿಗೂ ನಮ್ಮ ಲ್ಯಾಟಿನ್ ತರಗತಿಯ ಬಾಗಿಲು ತೆರೆದಿರಲಿ. ಆಗ ಸರಕಾರದ ಮುಂದೆ ಕೈಯೊಡ್ಡುವ ಬದಲು ನಾಡಿಗೆ ಏನನ್ನಾದರೂ ಕೊಟ್ಟವರಾಗುತ್ತೇವೆ.

ಸಂತ ಯೊವಾನ್ನರ ಶುಭಸಂದೇಶವು ಶಿಲುಬೆಯ ಮೇಲಿನ ಫಲಕದ ವಿಷಯ ತಿಳಿಸುವಾಗ, ಅದು ಹಿಬ್ರೂ, ಲ್ಯಾಟಿನ್, ಗ್ರೀಕ್ ಭಾಷೆಗಳಲ್ಲಿತ್ತೆಂದೂ ಯೆಹೂದ್ಯರಲ್ಲಿ ಅನೇಕರು ಅದನ್ನು ಓದಿದರೆಂದೂ ಹೇಳುತ್ತದೆ. ಅಲ್ಲಿ ಲ್ಯಾಟಿನ್ ಸರಕಾರದ ಭಾಷೆಯಾಗಿತ್ತು, ಸರಕಾರದ ಖರ್ಚಿನಲ್ಲಿಯೇ ಬರೆಯಲ್ಪಟ್ಟಿತ್ತು. ಆದರೆ ಊರಿನ ಜನರ ನುಡಿ ಅದರ ಜೊತೆಗಿತ್ತು. ಆ ಫಲಕವನ್ನು ಪಾಠ ಮಾಡುವಾಗಲೆಲ್ಲ ನಮಗೆ ಗೋಳಗುಮ್ಮಟದ ಬಾಗಿಲಲ್ಲಿ ಕತ್ತೆತ್ತಿ ನಿಂತಿದ್ದ ಹುಡುಗನು ನೆನಪಾಗುತ್ತಾನೆ. ಈ ವರ್ಷ ನಮ್ಮ ಗ್ರಂಥಾಲಯಕ್ಕೆ ಒಂದು ಪಾರಸಿ ಬಾಲಬೋಧೆಯನ್ನು ತರಿಸಿದ್ದೇವೆ. ಸಂಜೆಯ ಪ್ರಾರ್ಥನೆಯ ಬಳಿಕ ಮೂವರು ಅಭ್ಯರ್ಥಿಗಳೊಡನೆ ಅಲಿಫ್, ಬೇ ಎಂದು ತಿದ್ದಲು ಆರಂಭಿಸಿದ್ದೇವೆ.